ವಾರಂಟಿ ಇಲ್ಲದೆ ಸೆಕೆಂಡ್ ಹ್ಯಾಂಡ್ ಮಾಲು ಮಾರುವ ಅಂಗಡಿಯವರಿಗೆ ಕಾನೂನಿನ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯವರೆಗೆ, ಹಳೇ ಮಾಲು ಮಾರುವ ಕಡೆಯೆಲ್ಲ ಒಂದು ರಬ್ಬರ್ ಸ್ಟಾಂಪು ಇದ್ದೇ ಇರುತ್ತದೆ: ‘ನೋ ವಾರಂಟಿ, ನೋ ರಿಟರ್ನ್’. ಬಿಲ್ಲಿನ ಮೂಲೆಗೆ ಅದನ್ನು ಒತ್ತಿದರೆ ತಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು ಎಂದು ಎಷ್ಟೋ ಅಂಗಡಿಯವರು ನಂಬಿದ್ದಾರೆ. ಸ್ಟಾಂಪು ನೋಡಿ ಸುಮ್ಮನೆ ವಾಪಸ್ ಹೋಗುವ ಗಿರಾಕಿಗಳೂ ಇರುವುದರಿಂದ ಆ ನಂಬಿಕೆ ಗಟ್ಟಿಯಾಗಿಯೇ ಉಳಿದಿದೆ.

ಕಾನೂನಿನ ಲೆಕ್ಕ ಬೇರೆ. ವಾರಂಟಿ ಕೊಡದೆ ಹಳೇ ಮಾಲು ಮಾರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಆ ಸ್ಟಾಂಪಿನಿಂದ ಕಡಿಮೆಯಾಗುವುದು ಜವಾಬ್ದಾರಿಯ ಒಂದು ಪಾಲು ಮಾತ್ರ. ವ್ಯಾಜ್ಯ ಬಂದ ದಿನ ಅಂಗಡಿಯನ್ನು ಕಾಯುವುದು ‘ವಾರಂಟಿ ಇಲ್ಲ’ ಎಂಬ ಮಾತಲ್ಲ. ಮಾಲಿನಲ್ಲಿ ಏನೇನು ಕೆಟ್ಟಿದೆ ಎಂದು ಬಿಲ್ಲಿನಲ್ಲೇ ಬರೆದುಕೊಟ್ಟಿದ್ದರೆ ಆ ಬರಹ.

ಇಲ್ಲಿ ಉದಾಹರಣೆಗೆ ಹೆಚ್ಚಾಗಿ ಮೊಬೈಲನ್ನೇ ತೆಗೆದುಕೊಂಡಿದ್ದೇನೆ, ಏಕೆಂದರೆ ಜಗಳ ಹೆಚ್ಚು ಅಲ್ಲೇ. ಲ್ಯಾಪ್‌ಟಾಪ್, ಫ್ರಿಜ್, ವಾಷಿಂಗ್ ಮಷೀನ್, ಕ್ಯಾಮೆರಾ, ಫರ್ನಿಚರ್ ಮಾರುವವರಿಗೂ ಬಹುಪಾಲು ಇದೇ ಅನ್ವಯ. ಬೈಕು, ಕಾರಿನ ದಾರಿ ಸ್ವಲ್ಪ ಬೇರೆ. ಅದನ್ನು ಕೊನೆಯ ಕಡೆಗೆ ಇಟ್ಟಿದ್ದೇನೆ.

ಹಂತ 1: ‘ವಾರಂಟಿ ಇಲ್ಲ’ ಅಂದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ

ನಮ್ಮಲ್ಲಿ ಇದಕ್ಕೆ ಮೂಲ ಕಾನೂನು 1930ರ ಸರಕು ಮಾರಾಟ ಕಾಯ್ದೆ. ಅಂಗಡಿಯವರು ಬಾಯಿ ಬಿಟ್ಟು ಹೇಳದಿದ್ದರೂ ಪ್ರತಿ ಮಾರಾಟದೊಳಗೆ ಕೆಲವು ಷರತ್ತುಗಳು ಸೇರಿಕೊಂಡಿವೆ ಎಂದು ಅದು ಭಾವಿಸುತ್ತದೆ.

ಮೊದಲನೆಯದು ಕಲಂ 14: ಈ ಮಾಲು ಮಾರುವ ಹಕ್ಕು ನಿಮಗಿದೆ. ಕದ್ದ ಮಾಲಾಗಿದ್ದರೆ, ಬೇರೆಯವರದ್ದಾಗಿದ್ದರೆ ಈ ಷರತ್ತು ಮುರಿದಂತೆ. ಎರಡನೆಯದು ಕಲಂ 15: ಏನೆಂದು ಹೇಳಿ ಮಾರಿದಿರೋ ಮಾಲು ಅದೇ ಆಗಿರಬೇಕು. 128 ಜಿಬಿ ಅಂದದ್ದು 64 ಜಿಬಿ ಆಗಬಾರದು, ‘ಒರಿಜಿನಲ್ ಡಿಸ್‌ಪ್ಲೇ’ ಅಂದದ್ದು ಕಾಪಿ ಆಗಬಾರದು.

ಮೂರನೆಯದು ಕಲಂ 16. ಮಾಲಿನ ಗುಣಮಟ್ಟಕ್ಕೆ ಮಾರುವವನು ಸಾಮಾನ್ಯವಾಗಿ ಹೊಣೆಯಲ್ಲ, ಕೊಳ್ಳುವವನೇ ನೋಡಿಕೊಳ್ಳಬೇಕು ಎಂದೇ ಇದು ಶುರುವಾಗುತ್ತದೆ. ಅಲ್ಲಿಗೇ ಓದಿ ನಿಲ್ಲಿಸಿದವರು ಖುಷಿಯಾಗುತ್ತಾರೆ. ಆಮೇಲೆ ಬರುವ ವಿನಾಯಿತಿಗಳಲ್ಲಿ ಅಂಗಡಿಯವರು ಸಿಕ್ಕಿಬೀಳುತ್ತಾರೆ. ಗಿರಾಕಿ ತನಗೆ ಏತಕ್ಕೆ ಬೇಕೆಂದು ಹೇಳಿ, ನಿಮ್ಮ ತಿಳಿವಳಿಕೆಯನ್ನು ನಂಬಿ ಕೊಂಡರೆ ಮಾಲು ಆ ಕೆಲಸಕ್ಕೆ ಬರಬೇಕು. ‘ಮಗನ ಇಂಜಿನಿಯರಿಂಗ್ ಡ್ರಾಯಿಂಗ್ ಸಾಫ್ಟ್‌ವೇರ್ ಓಡಬೇಕು, ಯಾವ ಲ್ಯಾಪ್‌ಟಾಪ್ ಆಗುತ್ತೆ ನೀವೇ ಹೇಳಿ’ ಅಂದವರಿಗೆ ನೀವು ಒಂದನ್ನು ಎತ್ತಿಕೊಟ್ಟರೆ ಆ ಆಯ್ಕೆಯ ಹೊಣೆ ನಿಮ್ಮದು. ಹಾಗೆಯೇ, ಅಂಥ ಮಾಲಿನ ವ್ಯಾಪಾರವೇ ನಿಮ್ಮ ಕಸುಬಾಗಿದ್ದು, ಗಿರಾಕಿ ವಿವರಣೆ ನಂಬಿ ಕೊಂಡಿದ್ದರೆ, ಮಾಲು ಮಾರಾಟಯೋಗ್ಯ ಸ್ಥಿತಿಯಲ್ಲಿರಬೇಕು. ಹಳೇ ಮಾಲಿಗೆ ಇದರ ಅಳತೆ ಹೊಸದರಷ್ಟು ಬಿಗಿಯಲ್ಲ. 5 ವರ್ಷದ ಫೋನಿನಿಂದ ಹೊಸ ಫೋನಿನ ಬ್ಯಾಟರಿ ಯಾರೂ ನಿರೀಕ್ಷಿಸುವಂತಿಲ್ಲ. ಕರೆ ಮಾಡಿದರೆ ಎದುರಿನವರಿಗೆ ದನಿಯೇ ಕೇಳದ ಫೋನು ಮಾತ್ರ ಎಷ್ಟು ಹಳೆಯದಾದರೂ ಫೋನಲ್ಲ.

ಇದೇ ಕಲಮಿನಲ್ಲಿ ಅಂಗಡಿಯವರ ಪರವಾದ ಮಾತೂ ಒಂದಿದೆ. ಗಿರಾಕಿ ಮಾಲನ್ನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳಬೇಕಾಗಿದ್ದ ದೋಷಕ್ಕೆ ನೀವು ಹೊಣೆಯಲ್ಲ. ಗಾಜಿನ ಮೇಲಿನ ಬಿರುಕನ್ನು ಆಮೇಲೆ ತೋರಿಸಿ ಜಗಳ ಮಾಡುವಂತಿಲ್ಲ. ಒಳಗೆ ಬೋರ್ಡಿನಲ್ಲಿ ಅಡಗಿದ್ದ ದೋಷಕ್ಕೆ ಈ ರಕ್ಷಣೆ ಇಲ್ಲ.

ಇನ್ನು ಸ್ಟಾಂಪಿನ ಮಾತು. ಇಂಥ ಒಳಷರತ್ತುಗಳನ್ನು ಇಬ್ಬರೂ ಒಪ್ಪಿ ತೆಗೆದುಹಾಕಬಹುದು ಎಂದು ಕಲಂ 62 ಹೇಳುತ್ತದೆ. ಒಪ್ಪಂದ ಎಂದರೆ ಗಿರಾಕಿಗೆ ಗೊತ್ತಿದ್ದು, ದುಡ್ಡು ಕೊಡುವ ಮೊದಲೇ ಒಪ್ಪಿದ್ದು. ದುಡ್ಡು ಎಣಿಸಿಕೊಂಡ ಮೇಲೆ ಮಡಚಿ ಕೈಗಿಟ್ಟ ಬಿಲ್ಲಿನ ಹಿಂಭಾಗದ ಸಣ್ಣಕ್ಷರಕ್ಕೆ ಆ ತೂಕ ಬರುವುದು ಕಷ್ಟ. ಮೋಸವನ್ನಂತೂ ಯಾವ ಷರತ್ತೂ ಮುಚ್ಚಲಾರದು: ಗೊತ್ತಿದ್ದೂ ದೋಷವನ್ನು ಮರೆಮಾಚಿ ಮಾರಿದರೆ 1872ರ ಕರಾರು ಕಾಯ್ದೆಯ ಕಲಂ 17ರ ಪ್ರಕಾರ ಅದು ವಂಚನೆ, ಮತ್ತು ಗಿರಾಕಿ ಆ ಮಾರಾಟವನ್ನೇ ರದ್ದು ಮಾಡಿಕೊಳ್ಳಬಹುದು.

ಇದೆಲ್ಲದರ ಮೇಲೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದೆ. ಇದು 2020ರ ಜುಲೈಯಿಂದ ಜಾರಿಯಲ್ಲಿದೆ. ‘ದೋಷ’ ಎಂದರೇನು ಎಂದು ಹೇಳುವಾಗ ಅದು ಕರಾರಿನಲ್ಲಿದ್ದದ್ದನ್ನು ಮಾತ್ರ ನೋಡುವುದಿಲ್ಲ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡದ್ದನ್ನೂ ಸೇರಿಸುತ್ತದೆ. ವಾಟ್ಸ್‌ಆಪ್ ಸ್ಟೇಟಸ್‌ನಲ್ಲಿ ಹಾಕಿದ್ದು, ಗಾಜಿನ ಕಪಾಟಿಗೆ ಅಂಟಿಸಿದ ಚೀಟಿ, ಕೌಂಟರಿನಲ್ಲಿ ಆಡಿದ ಮಾತು ಎಲ್ಲವೂ ಲೆಕ್ಕಕ್ಕೆ ಬಂತು.

ಹಂತ 2: ಮಾರುವುದಕ್ಕಿಂತ ಮೊದಲು, ಕೊಳ್ಳುವಾಗಲೇ ಎಚ್ಚರ

ಈ ಕಸುಬಿನಲ್ಲಿ ಅಂಗಡಿ ಮುಚ್ಚಿಸುವಂಥ ತೊಂದರೆ ಬರುವುದು ಮಾಲು ಒಳಗೆ ಬರುವ ಬಾಗಿಲಿನಿಂದ. ಗಿರಾಕಿಯ ದೂರು ಹೆಚ್ಚೆಂದರೆ ದುಡ್ಡು ಕೇಳುತ್ತದೆ; ಕಳವು ಮಾಲು ಪೊಲೀಸರನ್ನು ಕರೆತರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 317ರ ಪ್ರಕಾರ ಕಳವು ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಕೊಂಡರೆ 3 ವರ್ಷದವರೆಗೆ ಜೈಲು. ಅದನ್ನೇ ರೂಢಿಯಾಗಿ ಮಾಡಿದರೆ ಶಿಕ್ಷೆ 10 ವರ್ಷ, ಜೀವಾವಧಿಯವರೆಗೂ ಹೋಗುತ್ತದೆ. ಇದರಲ್ಲಿ ‘ನಂಬಲು ಕಾರಣವಿದ್ದೂ’ ಎಂಬ ಮಾತನ್ನು ಎರಡು ಸಲ ಓದಿ. 40 ಸಾವಿರ ಬಾಳುವ ಫೋನನ್ನು ಬಾಕ್ಸ್ ಇಲ್ಲದೆ, ಚಾರ್ಜರ್ ಇಲ್ಲದೆ, ಲಾಕ್ ತೆಗೆಯಲು ಬಾರದ ಹುಡುಗನೊಬ್ಬ 8 ಸಾವಿರಕ್ಕೆ ಕೊಡುತ್ತೇನೆಂದು ಬಂದರೆ ಕಾರಣ ಅಲ್ಲೇ ಕೌಂಟರಿನ ಮೇಲಿದೆ. ‘ನನಗೆ ಗೊತ್ತಿರಲಿಲ್ಲ ಸರ್’ ಎಂಬುದು ಆಮೇಲೆ ಠಾಣೆಯಲ್ಲಿ ನಡೆಯುವುದಿಲ್ಲ.

ಆದ್ದರಿಂದ ಖರೀದಿಗೊಂದು ರಿಜಿಸ್ಟರ್ ಬೇಕು. ಪ್ರತಿ ಮಾಲಿಗೂ ಈ ಕೆಲಸ ಆಗಬೇಕು:

- ಕೊಡುವವರ ಗುರುತಿನ ಚೀಟಿ ನೋಡಿ ಹೆಸರು, ವಿಳಾಸ, ಫೋನ್ ನಂಬರ್ ಬರೆದುಕೊಳ್ಳಿ. ಆಧಾರ್ ಪ್ರತಿ ಇಟ್ಟುಕೊಳ್ಳುವುದಾದರೆ ಮೊದಲ 8 ಅಂಕೆ ಮುಚ್ಚಿದ್ದು ಸಾಕು.
- ‘ಇದು ನನ್ನ ಸ್ವಂತ ಮಾಲು, ಇಂಥ ಬೆಲೆಗೆ ಮಾರಿದ್ದೇನೆ, ಇದರ ಮೇಲೆ ಸಾಲವಿಲ್ಲ’ ಎಂದು ಬರೆಸಿ ಸಹಿ ಹಾಕಿಸಿ. ಹಳೇ ಬಿಲ್ ಇದ್ದರೆ ಪ್ರತಿ ಇರಲಿ.
- ದುಡ್ಡನ್ನು ಆದಷ್ಟೂ ಕೊಟ್ಟವರದೇ ಖಾತೆಗೆ ಯುಪಿಐ ಮಾಡಿ. ರಿಜಿಸ್ಟರಿನ ಹೆಸರೂ ಖಾತೆಯ ಹೆಸರೂ ಹೊಂದಿದರೆ ಅದೇ ದೊಡ್ಡ ಸಾಕ್ಷಿ.
- 18 ತುಂಬದವರಿಂದ ಕೊಳ್ಳಲೇಬೇಡಿ. ಅವರ ಕರಾರಿಗೆ ಕಾನೂನಿನ ಬೆಲೆ ಇಲ್ಲ.

ಮೊಬೈಲಿಗೆ ಇನ್ನೊಂದು ಹೆಜ್ಜೆ ಹೆಚ್ಚು. *#06# ಒತ್ತಿದರೆ ಬರುವ ಐಎಂಇಐ ನಂಬರನ್ನು (ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಬಾಕ್ಸಿನ ಮೇಲಿನದರ ಜೊತೆ, ಸಿಮ್ ಟ್ರೇ ಅಥವಾ ಹಿಂಭಾಗದಲ್ಲಿ ಕೊರೆದದ್ದರ ಜೊತೆ ತಾಳೆ ನೋಡಿ. ಆಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಅಥವಾ ಆಪ್‌ನಲ್ಲಿ ಹಾಕಿ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಟೈಪಿಸಿ, ಜಾಗ ಬಿಟ್ಟು 15 ಅಂಕೆಯ ಐಎಂಇಐ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿದರೂ ಉತ್ತರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಎಂದೋ ಡೂಪ್ಲಿಕೇಟ್ ಎಂದೋ ಬಂದರೆ ಫೋನನ್ನು ಮುಟ್ಟಬೇಡಿ. ಇದು ಮೊದಲು ಒಳ್ಳೆಯ ಅಭ್ಯಾಸದ ಮಾತಾಗಿತ್ತು. 2025ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾದ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳು ಬಳಸಿದ ಫೋನ್ ಕೊಳ್ಳುವ, ಮಾರುವ ವ್ಯಾಪಾರಿಗಳು ಐಎಂಇಐ ಪರೀಕ್ಷಿಸುವುದನ್ನು ಕರ್ತವ್ಯವನ್ನಾಗಿಯೇ ಮಾಡಿವೆ. ಪರೀಕ್ಷೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ ಕಾಣುವಂತೆ.

ಐಎಂಇಐ ಬದಲಾಯಿಸಿಕೊಡುವ ‘ಸಾಫ್ಟ್‌ವೇರ್ ಕೆಲಸ’ ಎಲ್ಲಾದರೂ ನಡೆಯುತ್ತಿದ್ದರೆ ಅದರ ಹತ್ತಿರವೂ ಸುಳಿಯಬೇಡಿ. ದೂರಸಂಪರ್ಕ ಕಾಯ್ದೆ 2023ರ ಕಲಂ 42ರಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಕಂತು ಬಾಕಿ ಇರುವ ಫೋನೂ ಒಂದು ಬಲೆ. ಫೈನಾನ್ಸ್ ಕಂಪನಿಗಳು ಫೋನಿನೊಳಗೆ ಲಾಕ್ ಆಪ್ ಕೂರಿಸಿರುತ್ತವೆ. ಕಂತು ತಪ್ಪಿದ ತಿಂಗಳು ಅದು ನಿಮ್ಮ ಗಿರಾಕಿಯ ಕೈಯಲ್ಲಿ ಲಾಕ್ ಆಗುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿ, ನೆಟ್‌ಗೆ ಹಚ್ಚಿ, ಪೂರ್ತಿ ಸೆಟಪ್ ಮುಗಿಸಿ ನೋಡಿದರೆ ಇದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಹಳೇ ಮಾಲೀಕರ ಗೂಗಲ್ ಖಾತೆ, ಐಕ್ಲೌಡ್ ಖಾತೆಯನ್ನು ಅವರಿಂದಲೇ, ಅವರು ಅಂಗಡಿಯಲ್ಲಿ ಇರುವಾಗಲೇ ತೆಗೆಸಿ. ಅವರ ಫೋಟೋ, ಕಾಂಟ್ಯಾಕ್ಟ್ ಅಳಿಸಿಯೇ ಮುಂದೆ ಮಾರಬೇಕು.

ಹಂತ 3: ಚೆಕ್ ಮಾಡಿ, ಬರೆದಿಡಿ

ಮಾಲು ಷೋಕೇಸಿಗೆ ಹೋಗುವ ಮೊದಲು ಒಂದು ಚೀಟಿ ತಯಾರಾಗಬೇಕು. ಮೊಬೈಲಾದರೆ ಡಿಸ್‌ಪ್ಲೇ ಕಂಪನಿಯದೋ ಕಾಪಿಯೋ, ಟಚ್, ಎರಡೂ ಸಿಮ್, ಮೈಕ್, ಸ್ಪೀಕರ್, ಕ್ಯಾಮೆರಾ, ಚಾರ್ಜಿಂಗ್, ಫಿಂಗರ್‌ಪ್ರಿಂಟ್, ವೈಫೈ, ಬ್ಯಾಟರಿ, ಬೋರ್ಡ್ ಕೆಲಸ ಆಗಿದೆಯೋ ಇಲ್ಲವೋ. ಫ್ರಿಜ್ ಆದರೆ ಗ್ಯಾಸ್ ತುಂಬಿಸಿದ್ದು ಯಾವಾಗ, ಕಂಪ್ರೆಸರ್ ಬದಲಾಗಿದೆಯೇ.

ಚೆಕ್ ಮಾಡದ್ದನ್ನು ಚೆಕ್ ಮಾಡಿಲ್ಲ ಎಂದೇ ಬರೆಯಿರಿ. ‘ನೀರಿಗೆ ಬಿದ್ದಿಲ್ಲ’ ಎಂಬುದು ಮಾತು ಕೊಟ್ಟಂತೆ. ಫೋನ್ ಬಿಚ್ಚಿಯೇ ನೋಡದವರು ಹಾಗೆ ಬರೆಯಬಾರದು. ‘ಒಳಗೆ ಬಿಚ್ಚಿ ನೋಡಿಲ್ಲ’ ಎಂಬುದು ಸತ್ಯ. ಎರಡಕ್ಕೂ ನಡುವೆ ಒಂದು ಕೇಸಿನಷ್ಟು ಅಂತರವಿದೆ.

ಕೆಲವು ಕೈಚಳಕಗಳು ಮಾರುಕಟ್ಟೆಯಲ್ಲಿ ಎಷ್ಟು ಸಲೀಸಾಗಿವೆಯೆಂದರೆ ಅವು ಅಪರಾಧ ಎಂಬುದೇ ಮರೆತುಹೋಗಿದೆ. ಪ್ರೋಗ್ರಾಮರ್ ಎಂಬ ಸಾಧನ ಹಚ್ಚಿ 74% ಇದ್ದ ಬ್ಯಾಟರಿ ಹೆಲ್ತ್ ಅನ್ನು 100% ಎಂದು ತೋರಿಸುವುದು, ಹಳೇ ಫೋನಿಗೆ ಹೊಸ ಬಾಡಿ, ಸೀಲ್ ಮಾಡಿದ ಬಾಕ್ಸ್ ಹಾಕಿ ‘ಓಪನ್ ಬಾಕ್ಸ್ ಪೀಸ್’ ಎಂದು ಮಾರುವುದು ಇಂಥವು. ರಿಪೇರಿ ಮಾಡಿದ, ಬಳಸಿದ, ಹಳೇ ಮಾಲನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದನ್ನು ಗ್ರಾಹಕ ಕಾಯ್ದೆಯ ಕಲಂ 2(47) ಹೆಸರು ಹಿಡಿದೇ ಅನುಚಿತ ವ್ಯಾಪಾರ ಪದ್ಧತಿ ಎಂದಿದೆ. ‘ರಿಫರ್ಬಿಷ್ಡ್’ ಎಂಬ ಮಾತನ್ನೂ ಹುಷಾರಾಗಿ ಬಳಸಿ. ಒರೆಸಿ ಪಾಲಿಶ್ ಮಾಡಿದ್ದು ರಿಫರ್ಬಿಷ್ಡ್ ಅಲ್ಲ. ಯಾರು, ಏನು ಸರಿಪಡಿಸಿದರು ಎಂದು ಹೇಳಲು ಬರಬೇಕು. ಹಳೇ ಎಲೆಕ್ಟ್ರಾನಿಕ್ಸ್ ಸರಿಪಡಿಸಿ ಮಾರುವುದನ್ನೇ ದೊಡ್ಡದಾಗಿ ಮಾಡುವವರು ಇ-ತ್ಯಾಜ್ಯ ನಿಯಮ 2022ರ ಅಡಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು.

ಸುರಕ್ಷತೆಯ ವಿಷಯಕ್ಕೆ ಬಂದರೆ ವಾರಂಟಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬದಿಗೆ ಸರಿಯುತ್ತದೆ. ನೀವು ಹಾಕಿದ ಡೂಪ್ಲಿಕೇಟ್ ಬ್ಯಾಟರಿ ಉಬ್ಬಿ ಸಿಡಿದು ಗಿರಾಕಿಗೆ ಗಾಯವಾದರೆ ಅದು ಉತ್ಪನ್ನ ಹೊಣೆಗಾರಿಕೆ. ಮಾಲನ್ನು ಬದಲಾಯಿಸಿದ, ಆ ಬದಲಾವಣೆಯಿಂದಲೇ ಹಾನಿಯಾದ ಪ್ರಸಂಗದಲ್ಲಿ ಮಾರಿದವರೂ ಪರಿಹಾರ ಕೊಡಬೇಕು ಎನ್ನುತ್ತದೆ ಗ್ರಾಹಕ ಕಾಯ್ದೆಯ ಕಲಂ 86. ಉಬ್ಬಿದ ಬ್ಯಾಟರಿ, ಷಾಕ್ ಹೊಡೆಯುವ ಗೀಸರ್, ಅರ್ಥಿಂಗ್ ಕಿತ್ತ ಇಸ್ತ್ರಿ ಪೆಟ್ಟಿಗೆ ಇವುಗಳನ್ನು ‘ಹೇಗಿದೆಯೋ ಹಾಗೆ’ ಎಂದು ಮಾರುವ ಧೈರ್ಯ ಮಾಡಬೇಡಿ. ಬಿಡಿಭಾಗಕ್ಕೆ ಬಿಚ್ಚಿ, ಇಲ್ಲವೇ ಇ-ತ್ಯಾಜ್ಯಕ್ಕೆ ಕೊಡಿ.

ಹಂತ 4: ಕೌಂಟರಿನ ಮಾತು

ದಿನಾ ನಡೆಯುವ ಒಂದು ಸಂಭಾಷಣೆ ನೋಡಿ.

‘ಅಣ್ಣಾ, ಬ್ಯಾಟರಿ ಎಷ್ಟೊತ್ತು ಬರುತ್ತೆ?’

‘ಬೆಳಿಗ್ಗೆ ಚಾರ್ಜಿಗೆ ಹಾಕಿದ್ರೆ ರಾತ್ರಿತನಕ ಆರಾಮ್ ಸರ್. ನಂದು ಗ್ಯಾರಂಟಿ.’

‘ಮತ್ತೆ ಬಿಲ್ಲಲ್ಲಿ ನೋ ವಾರಂಟಿ ಅಂತ ಐತಲ್ಲಾ?’

‘ಅದು ಎಲ್ಲಾರ್ಗೂ ಹಾಕೋದು ಸರ್, ತಲೆ ಕೆಡಿಸ್ಕೋಬೇಡಿ.’

ಇಲ್ಲಿ ಅಂಗಡಿಯವರು ತಮ್ಮ ಸ್ಟಾಂಪನ್ನು ತಾವೇ ಅಳಿಸಿಹಾಕಿದರು. ಬಾಯಿಮಾತಿನ ಭರವಸೆಯೂ ವಾರಂಟಿಯೇ. ಪರೀಕ್ಷೆಯ ಆಧಾರವಿಲ್ಲದೆ ಮಾಲಿನ ಬಾಳಿಕೆ ಬಗ್ಗೆ ಗ್ಯಾರಂಟಿ ಕೊಡುವುದಂತೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿದೆ. ಗಿರಾಕಿಯ ಜೇಬಿನಲ್ಲಿ ಫೋನ್ ರೆಕಾರ್ಡ್ ಆಗುತ್ತಿದ್ದರೆ ಅದೂ ಸಾಕ್ಷಿಯಾಗಿ ಬರಬಹುದು.

ಕೆಲಸಕ್ಕಿರುವ ಹುಡುಗರಿಗೆ ಇದನ್ನು ಹೇಳಿಕೊಡುವುದು ಮಾಲೀಕರ ಕೆಲಸ. ‘ಏನೂ ಆಗಲ್ಲ ತಗೊಳ್ಳಿ ಮೇಡಂ’ ಎಂದು ಹುಡುಗ ಆಡಿದ ಮಾತಿಗೂ ಅಂಗಡಿಯೇ ಹೊಣೆ. ಬದಲಿಗೆ ಹೇಳಬೇಕಾದ ಮಾತು: ‘ಬ್ಯಾಟರಿ ಹೆಲ್ತ್ 81% ತೋರಿಸ್ತಾ ಇದೆ, ನೀವೇ ನೋಡಿ. ಎಷ್ಟೊತ್ತು ಬರುತ್ತೆ ಅನ್ನೋದು ನೀವು ಬಳಸೋದ್ರ ಮೇಲೆ.’ ವ್ಯಾಪಾರ ಇದರಿಂದ ಮುರಿಯುವುದಿಲ್ಲ. ನನ್ನನ್ನು ಕೇಳಿದರೆ, ದೋಷ ತಾನಾಗಿ ಹೇಳಿದ ಅಂಗಡಿಯವರ ಹತ್ತಿರ ಗಿರಾಕಿ ಚೌಕಾಸಿಯನ್ನೂ ಕಡಿಮೆ ಮಾಡುತ್ತಾರೆ.

ಆನ್‌ಲೈನ್‌ನಲ್ಲಿ ಹಾಕುವುದಾದರೆ ಕಂಪನಿ ವೆಬ್‌ಸೈಟಿನ ಹೊಳೆಯುವ ಚಿತ್ರ ಬೇಡ, ಅದೇ ಮಾಲಿನ ಚಿತ್ರ ಹಾಕಿ. ಡೆಂಟು, ಗೀರು ಕಾಣುವಂತೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಮಾರುಕಟ್ಟೆ ಜಾಲತಾಣಗಳ ಮೂಲಕ ಮಾರುವವರು ದೋಷವಿರುವ ಅಥವಾ ಜಾಹೀರಾತಿಗೆ ಹೊಂದದ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ.

ಹಂತ 5: ಬಿಲ್ಲು

ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ‘ಹಳೇ ಮಾಲಿಗೆ ಬಿಲ್ ಬರಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅಂಗಡಿಯ ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ, ಗಿರಾಕಿಯ ಹೆಸರು, ಮಾಲಿನ ವಿವರ, ಬೆಲೆ, ತೆರಿಗೆ, ಸಹಿ ಇರಬೇಕು. ಬಿಲ್ ಪುಸ್ತಕದಲ್ಲಿ ನಿಮಗೊಂದು ಪ್ರತಿ ಉಳಿಯಲಿ. ವಿವರದ ಜಾಗದಲ್ಲಿ ‘ಮೊಬೈಲ್ 1’ ಎಂದಷ್ಟೇ ಗೀಚಿದ ಬಿಲ್ ಗಿರಾಕಿಗಿಂತ ಹೆಚ್ಚಾಗಿ ನಿಮಗೇ ನಿರುಪಯೋಗಿ. ಹೀಗೆ ಬರೆಯಬಹುದು:

‘ಬಳಸಿದ ಮೊಬೈಲ್. 6 ಜಿಬಿ/128 ಜಿಬಿ, ನೀಲಿ ಬಣ್ಣ. ಮಾಡೆಲ್, ಐಎಂಇಐ 1 ಮತ್ತು 2 ಮೇಲೆ ಬರೆದಂತೆ. ಕಂಪನಿ ವಾರಂಟಿ ಮುಗಿದಿದೆ. ಡಿಸ್‌ಪ್ಲೇ ಬದಲಾಯಿಸಿದೆ, ಕಂಪನಿಯದ್ದಲ್ಲ. ಬ್ಯಾಟರಿ ಹೆಲ್ತ್ 81%. ಬಲಬದಿಯ ಫ್ರೇಮಿನಲ್ಲಿ ಡೆಂಟ್ ಇದೆ. ಫಿಂಗರ್‌ಪ್ರಿಂಟ್ ಕೆಲಸ ಮಾಡುವುದಿಲ್ಲ. ಒಳಗೆ ಬಿಚ್ಚಿ ನೋಡಿಲ್ಲ. ಕ್ಯಾಮೆರಾ, ಸ್ಪೀಕರ್, ಮೈಕ್, ಎರಡೂ ಸಿಮ್, ಚಾರ್ಜಿಂಗ್ ಗಿರಾಕಿಯ ಎದುರು ಚೆಕ್ ಮಾಡಿದೆ. ಈ ದೋಷಗಳನ್ನು ತಿಳಿದು, ನೋಡಿ, ಕಡಿಮೆ ಬೆಲೆಗೆ ಕೊಂಡಿದ್ದಾರೆ. ಬೇರೆ ವಾರಂಟಿ ಇಲ್ಲ. ಇಲ್ಲಿ ಬರೆಯದ, ಮಾರುವಾಗಲೇ ಇದ್ದ ದೋಷ ಕಂಡರೆ 10 ದಿನದೊಳಗೆ ಬಿಲ್ ಸಮೇತ ತರಬೇಕು. ರಿಪೇರಿ ಅಥವಾ ಹಣ ವಾಪಸ್.’

ಕೆಳಗೆ ಗಿರಾಕಿಯ ಸಹಿ. ಅವರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಹಾವೇರಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಷರತ್ತನ್ನು ಗಿರಾಕಿ ಒಪ್ಪಿದ್ದರು ಎಂದು ಸಾಧಿಸುವುದು ಸುಲಭವಲ್ಲ. ದೋಷಗಳ ಸಾಲು ಕೈಬರಹದಲ್ಲಿದ್ದರೆ ಇನ್ನೂ ಒಳ್ಳೆಯದು, ಆ ಮಾಲಿಗೆಂದೇ ಬರೆದದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಆ 10 ದಿನದ ಮಾತು ಯಾಕೆ ಹಾಕಬೇಕು? ಗ್ರಾಹಕ ಕಾಯ್ದೆಯ ಈ ಭಾಗವನ್ನು ಗಮನಿಸಿದವರು ಕಡಿಮೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸಿದರೆ ಅದು ಅನುಚಿತ ವ್ಯಾಪಾರ ಪದ್ಧತಿ; ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು 30 ದಿನ. ಅಂದರೆ ಏನೂ ಬರೆಯದೆ ಬಿಟ್ಟವರಿಗೆ ಒಂದು ತಿಂಗಳ ಹೊಣೆ ಬಿತ್ತು. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬರೆದರೆ ಅದೇ ಒಂದು ಅವಧಿ ಎಂದು ವಾದಿಸಲು ಹೋಗಬೇಡಿ, ನನ್ನ ಅಭಿಪ್ರಾಯದಲ್ಲಿ ಆ ವಾದ ಗ್ರಾಹಕ ಆಯೋಗದ ಮುಂದೆ ನಿಲ್ಲುವುದಿಲ್ಲ. ಮಾರುಕಟ್ಟೆಯಲ್ಲಿ ‘ಟೆಸ್ಟಿಂಗ್ ವಾರಂಟಿ’ ಎಂದು 7 ದಿನವೋ 15 ದಿನವೋ ಕೊಡುವ ಪದ್ಧತಿ ಇದೆಯಲ್ಲ, ಅದು ಗಿರಾಕಿಗೆ ಮಾಡುವ ಉಪಕಾರವಷ್ಟೇ ಅಲ್ಲ, ಅಂಗಡಿಗೂ ಹಾಕಿಕೊಂಡ ಬೇಲಿ.

ದೋಷವಿಲ್ಲದ ಮಾಲನ್ನು ‘ಬಣ್ಣ ಮನೆಯವರಿಗೆ ಹಿಡಿಸಲಿಲ್ಲ’ ಎಂದು ತಂದರೆ ಮಾತ್ರ ವಾಪಸ್ ಪಡೆಯುವ ಕಡ್ಡಾಯ ನಿಮಗಿಲ್ಲ.

ಹಂತ 6: ಜಿಎಸ್‌ಟಿ

ಹಳೇ ಮಾಲಿನ ವ್ಯಾಪಾರಿಗಳಿಗೆ ಮಾರ್ಜಿನ್ ಸ್ಕೀಮ್ ಎಂಬ ಅನುಕೂಲವಿದೆ, ಜಿಎಸ್‌ಟಿ ನಿಯಮ 32(5). ಮಾಲನ್ನು ಇದ್ದ ಹಾಗೆಯೇ ಅಥವಾ ಸಣ್ಣಪುಟ್ಟ ಕೆಲಸ ಮಾಡಿ ಮಾರಿದರೆ, ಖರೀದಿಯ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ತೆಗೆದುಕೊಂಡಿಲ್ಲದಿದ್ದರೆ, ತೆರಿಗೆ ಪೂರ್ತಿ ಬೆಲೆಯ ಮೇಲಲ್ಲ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲೆ. 9,000ಕ್ಕೆ ಕೊಂಡ ಫೋನು 12,000ಕ್ಕೆ ಹೋದರೆ 3,000ದ ಮೇಲೆ 18%, ಅಂದರೆ 540 ರೂಪಾಯಿ. ನಷ್ಟಕ್ಕೆ ಮಾರಿದರೆ ಆ ಮಾಲಿಗೆ ತೆರಿಗೆ ಇಲ್ಲ. ಆದರೆ 9,000ಕ್ಕೆ ಕೊಂಡದ್ದಕ್ಕೆ ಪುರಾವೆ ಎಲ್ಲಿ? ಹಂತ 2ರ ರಿಜಿಸ್ಟರ್ ಇಲ್ಲೂ ಬೇಕು.

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೂ ನೋಟಿಸ್ ಕೊಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಒಂದೊಂದು ಫೋನು 10-15 ಸಾವಿರ ಇರುವ ಈ ವ್ಯಾಪಾರದಲ್ಲಿ ಆ ಮಿತಿ ಗೊತ್ತಾಗದಂತೆ ದಾಟಿಹೋಗುತ್ತದೆ.

ಹಂತ 7: ಬೈಕು, ಕಾರು ಮಾರುವವರಿಗೆ ಹೆಚ್ಚುವರಿ

2023ರ ಏಪ್ರಿಲ್ 1ರಿಂದ ಹಳೇ ವಾಹನಗಳ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ಅರ್ಜಿ ನಮೂನೆ 29ಎ, ಪತ್ರದ ಅವಧಿ 5 ವರ್ಷ. ಮಾಲೀಕರು ವಾಹನವನ್ನು ಡೀಲರ್ ಕೈಗೆ ಒಪ್ಪಿಸಿದ ಮಾಹಿತಿ ನಮೂನೆ 29ಸಿಯಲ್ಲಿ ಆರ್‌ಟಿಒಗೆ ಹೋದ ಮೇಲೆ ಡೀಲರೇ ಮಾಲೀಕ ಎಂದು ಭಾವಿಸಲಾಗುತ್ತದೆ. ಆ ನಡುವೆ ಆದ ಘಟನೆಗೂ ಹೊಣೆ ಅವರದೇ. ಟ್ರಯಲ್, ರಿಪೇರಿ, ಪೇಂಟಿಂಗ್, ತಪಾಸಣೆಗೆ ಬಿಟ್ಟು ಬೇರೆ ಓಡಾಟಕ್ಕೆ ಆ ಗಾಡಿ ಬಳಸುವಂತಿಲ್ಲ, ಓಡಿಸಿದ್ದಕ್ಕೆ ಟ್ರಿಪ್ ರಿಜಿಸ್ಟರ್ ಇರಬೇಕು.

ಸಹಿ ಹಾಕಿದ ಖಾಲಿ 29, 30 ನಮೂನೆಗಳನ್ನು (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು) ಡ್ರಾಯರಿನಲ್ಲಿಟ್ಟು ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವ ಹಳೇ ಚಾಳಿ ಬಿಡಲೇಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಗಾಡಿ ಹಲವು ಕೈ ದಾಟಿತ್ತು, ಆದರೆ ಹೆಸರು ಬದಲಾಗಿರಲಿಲ್ಲ. ಹೈಪೊಥಿಕೇಶನ್ (ಆರ್‌ಸಿಯಲ್ಲಿರುವ ಸಾಲದ ನಮೂದು) ತೆಗೆಸಿದ್ದಾರೆಯೇ, ಚಲನ್ ಬಾಕಿ ಇದೆಯೇ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ ಬಿಲ್ಲಿನಲ್ಲಿ ಬರೆಯಿರಿ. ಮೀಟರ್ ತಿರುಗಿಸಿ ಕಿಲೋಮೀಟರ್ ಕಡಿಮೆ ತೋರಿಸುವುದು ನೇರ ವಂಚನೆ, ಅದಕ್ಕೆ ‘ವಾರಂಟಿ ಇಲ್ಲ’ ಎಂಬ ಮುಸುಕು ಸಾಲದು. ನೋಂದಾಯಿತ ಡೀಲರುಗಳು ಮಾರುವ ಹಳೇ ವಾಹನಗಳ ಲಾಭಾಂಶದ ಮೇಲೂ 2025ರ ಜನವರಿಯಿಂದ ಜಿಎಸ್‌ಟಿ 18%.

ಹಂತ 8: ಗಿರಾಕಿ ವಾಪಸ್ ಬಂದರೆ, ನೋಟಿಸ್ ಬಂದರೆ

ಮೊದಲು ಮಾಲನ್ನು ಪಡೆದು, ದಿನಾಂಕ ಹಾಕಿ, ಏನು ದೂರು ಎಂದು ಬರೆದು ಸ್ವೀಕೃತಿ ಕೊಡಿ. ಬಿಲ್ಲಿನಲ್ಲಿ ಬರೆದ ದೋಷವೇ ಆಗಿದ್ದರೆ ಆ ಸಾಲನ್ನು ತೋರಿಸಿದರೆ ಮಾತು ಅಲ್ಲೇ ಮುಗಿಯುತ್ತದೆ. ಕೊಂಡ ಮೇಲೆ ಕೆಳಗೆ ಬಿದ್ದದ್ದು, ನೀರು ಹೊಕ್ಕದ್ದು ಎಂದು ಅನಿಸಿದರೆ ಗಿರಾಕಿಯ ಎದುರೇ ಬಿಚ್ಚಿ ಫೋಟೋ ತೆಗೆಯಿರಿ. ಮಾರುವಾಗಲೇ ಇದ್ದ ದೋಷ ನಿಮ್ಮ ಕಣ್ತಪ್ಪಿತ್ತು ಎಂದು ಕಂಡರೆ ರಿಪೇರಿ ಮಾಡಿಕೊಡಿ, ಆಗದಿದ್ದರೆ ದುಡ್ಡು ವಾಪಸ್ ಕೊಟ್ಟು ರಸೀದಿ ಪಡೆಯಿರಿ. 7,000 ರೂಪಾಯಿಯ ಫೋನಿಗಾಗಿ ಆಯೋಗಕ್ಕೆ ಅಲೆಯುವ ಖರ್ಚು ಅದಕ್ಕಿಂತ ಜಾಸ್ತಿ.

ಗಿರಾಕಿ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು ಅಲ್ಲಿಂದ ಕರೆ ಬಂದರೆ ಬಿಲ್ಲಿನ ಪ್ರತಿ ಇಟ್ಟುಕೊಂಡು ಉತ್ತರ ಕೊಡಿ. ಎಷ್ಟೋ ವಿಷಯ ಇಲ್ಲೇ ಬಗೆಹರಿಯುತ್ತದೆ.

ಮುಂದಿನದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಗಿರಾಕಿಗೆ ದೂರಿನ ಶುಲ್ಕವೇ ಇಲ್ಲ, ವಕೀಲರೂ ಬೇಕಿಲ್ಲ, ಆನ್‌ಲೈನ್‌ನಲ್ಲೇ ಹಾಕಬಹುದು. ತಾವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಬಳ್ಳಾರಿಯವರು ಎಸ್‌.ಪಿ. ರೋಡಿನಲ್ಲಿ ಕೊಂಡಿದ್ದರೆ ನೀವು ಬಳ್ಳಾರಿಗೆ ಹೋಗಬೇಕಾಗಬಹುದು. ‘ಬೆಂಗಳೂರು ನ್ಯಾಯವ್ಯಾಪ್ತಿಗೆ ಮಾತ್ರ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ್ದನ್ನು ನಂಬಿ ಕೂರಬೇಡಿ. ದೂರಿನ ಕಾಲಮಿತಿ 2 ವರ್ಷ, ನಿಮ್ಮ ಟೆಸ್ಟಿಂಗ್ ವಾರಂಟಿ 7 ದಿನವಾದರೂ ಅಷ್ಟೇ. ಹಾಗಾಗಿ ಬಿಲ್ ಪ್ರತಿ, ರಿಜಿಸ್ಟರ್, ಸ್ಕ್ರೀನ್‌ಶಾಟ್ ಅಷ್ಟು ಕಾಲವಾದರೂ ಉಳಿಯಬೇಕು. ಮರುಮಾರಾಟಕ್ಕೆಂದು ನಿಮ್ಮಿಂದ 20 ಫೋನ್ ಒಯ್ದ ಇನ್ನೊಬ್ಬ ವ್ಯಾಪಾರಿ ಗ್ರಾಹಕ ಕಾಯ್ದೆಯಡಿ ಗ್ರಾಹಕರಲ್ಲ. ಅವರ ದಾರಿ ಸಿವಿಲ್ ಕೋರ್ಟು.

ನೋಟಿಸ್ ಬಂದರೆ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರಾಚೆಗೆ ಒಂದು ದಿನವೂ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತವಾಗಿ ಹೇಳಿದೆ. ಪರೀಕ್ಷೆ ಮಾಡದೆ ದೋಷ ತಿಳಿಯದು ಎಂದಾದರೆ ಆಯೋಗ ಮಾಲನ್ನು ಲ್ಯಾಬಿಗೆ ಕಳಿಸಬಹುದು. ರಿಪೇರಿ, ಬದಲಿ ಮಾಲು, ಹಣ ವಾಪಸ್, ಮೇಲೆ ಪರಿಹಾರ ಇವುಗಳಲ್ಲಿ ಯಾವುದಕ್ಕಾದರೂ ಆದೇಶವಾಗಬಹುದು. ರಾಜಿಗೆ ಅವಕಾಶ ಕಂಡರೆ ಮಧ್ಯಸ್ಥಿಕೆಗೂ ಕಳಿಸುತ್ತಾರೆ, ಸಣ್ಣ ಅಂಗಡಿಗೆ ಅದು ಒಳ್ಳೆಯದೇ.

ಆದೇಶ ಪಾಲಿಸದಿದ್ದರೆ ಗ್ರಾಹಕ ಕಾಯ್ದೆಯ ಕಲಂ 72ರ ಅಡಿ 1 ತಿಂಗಳಿನಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದೇಶ ಒಪ್ಪಿಗೆಯಿಲ್ಲದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬೇಕು, ಅದಕ್ಕೂ ಮೊದಲು ಕಟ್ಟಲು ಹೇಳಿದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು.